ಪುಟಾಣಿ, ಕೆಂಪಿ ಮತ್ತು ಒಂದು ಬಾಟಲಿ ಎಣ್ಣೆ

ಕೋವಿಡ್ ಹಾವಳಿ ಕಳೆದು ಜನ ಮುಖಗವಸು ಮರೆತಿದ್ದ ವರ್ಷದ ಬೇಸಿಗೆ. ನಾನಾಗ ಮಸ್ಕಿಯ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿ ಇತ್ತು. ನನ್ನ ಹುಟ್ಟೂರು ಲಿಂಗಸುಗೂರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರರ ನಡುವೆಯೇ ನೌಕರಿಯ ಹೆಚ್ಚಿನ ಭಾಗ ಕಳೆದದ್ದರಿಂದ ಬಸ್ಸಿನ ಡ್ರೈವರ್, ಕಂಡಕ್ಟರುಗಳೆಲ್ಲ ಮುಖಪರಿಚಯದವರು. ಎಮ್ಮೆಯ ಹೆರಿಗೆ ಮಾಡಿಸಿ ಅದೇ ಬಟ್ಟೆಯಲ್ಲಿ ಬಸ್ ಹತ್ತಿದರೂ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು. ಗೌರವಕ್ಕೋ, ಗಾಳಿಯಾಡಲಿ ಎಂದೋ ನಾನು ಕೇಳಲು ಹೋಗಲಿಲ್ಲ.

ನಮ್ಮ ಆಸ್ಪತ್ರೆಯನ್ನು ಊರವರು ಕರೆಯುತ್ತಿದ್ದದ್ದು 'ದನದ ದವಾಖಾನಿ' ಎಂದು. ಮೊದಲೆಲ್ಲ ಅಲ್ಲಿಗೆ ಎತ್ತು, ಎಮ್ಮೆ, ಕುರಿ ಬಿಟ್ಟರೆ ಬೇರೆ ಬಂದದ್ದಿಲ್ಲ. ಹೊಸ ಬಡಾವಣೆಗಳು ಎದ್ದು, ಸಂಬಳದ ಮನೆಗಳು ಹೆಚ್ಚಾದ ಮೇಲೆ ಸಣ್ಣ ಜಾತಿಯ ನಾಯಿಗಳು ಬರತೊಡಗಿದವು. ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ ಸಾಕಿ, ಅವಕ್ಕೂ ಹೆಸರಿಟ್ಟು, ಕಾಯಿಲೆಯಾದರೆ ಬುಟ್ಟಿಯಲ್ಲಿ ಹೊತ್ತು ತರುವವರೂ ಹುಟ್ಟಿಕೊಂಡರು. ಎಮ್ಮೆ ಹಿಡಿದು ನಿಂತವರಿಗೆ ಇದು ದೊಡ್ಡ ತಮಾಷೆ. ಕೋಳಿಗೆ ಡಾಕ್ಟರು ಯಾಕೆ, ಮಸಾಲೆ ಅರೆದರೆ ಸಾಕಲ್ಲವೇ ಎಂದು ಕಿಚಾಯಿಸುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಔಷಧ ಕೊಡುವಾಗ ಮಾತ್ರ ನಾನು ಪ್ರಾಣಿಯ ತೂಕ ನೋಡುತ್ತೇನೆ, ಮರ್ಯಾದೆ ಕೊಡುವಾಗ ನೋಡುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಹಾಗೆ ಬುಟ್ಟಿ ಹೊತ್ತು ಬರುತ್ತಿದ್ದವರಲ್ಲಿ ಭೀಮವ್ವ ಒಬ್ಬಳು. ಸಿಂಧನೂರು ತಾಲೂಕಿನ ದಢೇಸುಗೂರಿನವಳು. ಕಾಲುವೆ ಬದಿಯ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು, ಮಗನನ್ನು ಓದಿಸಿದವಳು. ಮಗ ಗೌತಮನಿಗೆ ಸಿಂಧನೂರಿನ ಬ್ಯಾಂಕೊಂದರಲ್ಲಿ ಕೆಲಸ. ಸೊಸೆ ಸುಜಾತಾ ಮಸ್ಕಿಯಲ್ಲಿ ಹೈಸ್ಕೂಲ್ ಟೀಚರ್. ಸೊಸೆಯ ಶಾಲೆಗೆ ಹತ್ತಿರವಾಗಲೆಂದು ಮಸ್ಕಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಹಜಾರದ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಹಿತ್ತಲಲ್ಲಿ ಕೋಳಿಗೂಡು. ಕೋಳಿಗಳನ್ನು ಬಿಟ್ಟು ತಾನು ಬರುವುದಿಲ್ಲ ಎಂದು ಭೀಮವ್ವ ಹಟ ಹಿಡಿದದ್ದಕ್ಕೆ ಮನೆಯ ನಕ್ಷೆಯಲ್ಲೇ ಗೂಡು ಸೇರಿತ್ತಂತೆ.

ನಾಯಿ ಬಂದದ್ದು ಮೊಮ್ಮಗಳ ಆಸೆಗೆ. ಪಮೇರಿಯನ್ ಮಿಶ್ರ ತಳಿ, ಆರು ಕಿಲೋ ತೂಗುವ ಹೆಣ್ಣು ನಾಯಿ. ಹುರಿಗಡಲೆಗೆ ನಮ್ಮ ಕಡೆ ಪುಟಾಣಿ ಎನ್ನುತ್ತೇವೆ. ಬಣ್ಣ ಹಾಗೇ ಇದ್ದದ್ದರಿಂದ ಹೆಸರೂ ಪುಟಾಣಿ. ಸೋಫಾದ ಮೇಲೆ ಮಲಗಲಿ ಎಂದು ತಂದ ನಾಯಿ ಒಂದು ವಾರದಲ್ಲಿ ಭೀಮವ್ವನ ಬೆನ್ನುಬಿದ್ದು ಹಿತ್ತಲು ಸೇರಿತು. ಮಧ್ಯಾಹ್ನವೆಲ್ಲ ಕೋಳಿಗಳ ನಡುವೆ ನಿದ್ದೆ. ಕೆಂಪಿ ಎಂಬ ಕೋಳಿ ಅದರ ಬೆನ್ನಿಗೊರಗಿ ಕೂತರೆ ಇದು ಅದರ ರೆಕ್ಕೆ ಸಂದಿಯನ್ನು ನೆಕ್ಕಿ ನೆಕ್ಕಿ ಒಪ್ಪ ಮಾಡುತ್ತಿತ್ತು. ಚುಕ್ಕಿ ಎಂಬ ಇನ್ನೊಂದು ಕೋಳಿಗೆ ಸ್ವಲ್ಪ ಬಿಗುಮಾನ. ಆದರೂ ನೆಕ್ಕಿಸಿಕೊಳ್ಳಲು ಸರದಿಗೆ ಬಂದು ನಿಲ್ಲುತ್ತಿತ್ತು. ನಾಯಿಯ ಲಸಿಕೆಗೆಂದು ಹೋದಾಗ ಇದನ್ನು ನಾನೇ ಕಂಡು ನಕ್ಕಿದ್ದೆ.

ಪಕ್ಕದ ಮನೆ ಪಂಪಣ್ಣನವರದು. ಕಿರಾಣಿ ವ್ಯಾಪಾರಿ, ಹಣೆ ತುಂಬ ವಿಭೂತಿ, ಮನೆಯಲ್ಲಿ ಮೊಟ್ಟೆಯ ಸುಳಿವೂ ಇಲ್ಲ. ಕೋಳಿಗಳು ಹಾರಿಬಂದು ಪೂಜೆಯ ದಾಸವಾಳದ ಬುಡ ಕೆದಕುತ್ತವೆ ಎಂದು ಅವರದು ನಿತ್ಯದ ತಕರಾರು. ಭೀಮವ್ವ ಬೇಲಿ ಎತ್ತರಿಸುವಳು, ಕೋಳಿ ಅದಕ್ಕಿಂತ ಎತ್ತರ ಹಾರುವುದು. ನಾಯಿಯ ಮೇಲೆ ಮಾತ್ರ ಅವರಿಗೆ ದೂರಿರಲಿಲ್ಲ, ಏಕೆಂದರೆ ಅವರ ಪುಟ್ಟ ಮೊಮ್ಮಗಳು ಪುಟಾಣಿಯನ್ನು ಬಿಟ್ಟು ಊಟ ಮಾಡುತ್ತಿರಲಿಲ್ಲ.

ಶಾಲೆಗಳಿಗೆ ರಜೆ ಬಿದ್ದು, ಭೀಮವ್ವನ ಮೊಮ್ಮಗಳು ತಾಯಿಯ ತವರಿಗೆ ಹೋಗಿದ್ದ ಒಂದು ಬೆಳಿಗ್ಗೆ ಸುಜಾತಾಳ ಫೋನು ಬಂತು. ಪುಟಾಣಿ ಹೇಗೇಗೋ ಮಾಡುತ್ತಿದೆ, ಬಾಯಲ್ಲಿ ನೊರೆ ಬರುತ್ತಿದೆ, ಓಣಿಯ ಜನ ಬಡಿಗೆ ಹಿಡಿದು ಕೂಡಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಸಾಲಿನಲ್ಲಿದ್ದ ಎಮ್ಮೆಗಳನ್ನು ಸಹಾಯಕರಿಗೆ ಒಪ್ಪಿಸಿ ಸ್ಕೂಟರ್ ಹತ್ತಿದೆ.

ಅಲ್ಲಿ ಹೋದರೆ ಗೇಟಿನ ಹೊರಗೆ ಹತ್ತಿಪ್ಪತ್ತು ಜನ. ನಾಯಿಯನ್ನು ಹಿಂದಿನ ಬಚ್ಚಲುಮನೆಯಲ್ಲಿ ಕೂಡಿ ಹಾಕಿದ್ದರು. ಅದರ ಬಾಗಿಲಿಗೆ ಬೆನ್ನು ಕೊಟ್ಟು ಭೀಮವ್ವ ಕಾಲು ಚಾಚಿ ಕೂತಿದ್ದಳು. ಬಾಗಿಲು ತೆಗೆಯಬೇಕಾದರೆ ಮೊದಲು ಬಡಿಗೆ ತನ್ನ ಮೇಲೆ ಬೀಳಲಿ ಎಂದು ಹೇಳಿದ್ದಳಂತೆ. ಪಂಪಣ್ಣನವರ ಮುಖ ಬಿಳಿಚಿಕೊಂಡಿತ್ತು. ಯಾವಾಗಲೂ ಗಟ್ಟಿಯಾಗಿ ಮಾತಾಡುವ ಮನುಷ್ಯ ಅಂದು ದನಿ ತಗ್ಗಿಸಿ ಹೇಳಿದರು:

"ಮೇಡಮ್ಮಾರ, ನೊರಿ ನಾ ಕಣ್ಣಾರೆ ನೋಡೀನಿ. ಹುಚ್ಚು ಹಿಡದೈತಿ ಅದಕ್ಕ. ಸೂಜಿ ಹಾಕಿ ಮುಗಸಿಬಿಡ್ರಿ. ನಿನ್ನೆ ಸಂಜಿಕಿ ನಮ್ಮ ಹುಡುಗಿ ಮಾರಿ ನೆಕ್ಕೈತದು."

ಅವರ ಮೇಲೆ ಸಿಟ್ಟಾಗಲು ಬಂದವಳಿಗೆ ಮೊಮ್ಮಗಳ ಮುಖ ನೆಕ್ಕಿದ ಮಾತು ಕೇಳಿ ಸಿಟ್ಟು ಬರಲಿಲ್ಲ. ರೇಬಿಸ್ ಎಂದರೆ ಆಟವಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ ಎನ್ನಬಹುದು. ಪುಟಾಣಿಗೆ ಲಸಿಕೆ ನಾನೇ ಹಾಕಿದ್ದೆ, ನಿಜ. ಆದರೆ ಲಸಿಕೆಯ ಭರವಸೆಯ ಮೇಲೆ ಒಂದು ಮಗುವಿನ ಜೀವ ಇಡುವ ಧೈರ್ಯ ನನಗಿಲ್ಲ. ಇತ್ತ ಹುಚ್ಚಲ್ಲದ್ದನ್ನು ಹುಚ್ಚೆಂದು ಕೊಂದರೆ ಭೀಮವ್ವನ ಮುಖ ನೋಡುವ ಧೈರ್ಯವೂ ಇರಲಿಲ್ಲ. ಮೊದಲು ನೋಡುತ್ತೇನೆ, ಆಮೇಲೆ ಹೇಳುತ್ತೇನೆ, ಅಲ್ಲಿಯವರೆಗೆ ಯಾರೂ ಗೇಟು ದಾಟಕೂಡದು ಎಂದು ಹೇಳಿ ಕೈಗೆ ದಪ್ಪ ಗ್ಲೌಸ್ ಏರಿಸಿದೆ.

ಪುಟಾಣಿ ಮೂಲೆಯಲ್ಲಿ ಬಿದ್ದಿತ್ತು. ಬಾಯಿಂದ ಜೊಲ್ಲು, ಕಣ್ಣಿಂದ ನೀರು, ಕೆಳಗೆ ಹೇಲು ಉಚ್ಚೆ ಎಲ್ಲ ಒಟ್ಟಿಗೆ. ಮೈಯ ಮಾಂಸಖಂಡಗಳು ಚರ್ಮದ ಕೆಳಗೆ ಕುದಿಯುವ ಅನ್ನದಂತೆ ಅದುರುತ್ತಿದ್ದವು. ಟಾರ್ಚ್ ಬಿಟ್ಟು ಕಣ್ಣು ನೋಡಿದೆ. ಪಾಪೆಗಳು ಸಾಸಿವೆ ಕಾಳಿನಷ್ಟು ಚಿಕ್ಕವಾಗಿದ್ದವು. ಅಂಥ ಸ್ಥಿತಿಯಲ್ಲೂ ನನ್ನ ದನಿ ಕೇಳಿ ಬಾಲದ ತುದಿ ಅಲ್ಲಾಡಿಸಿತು. ನನ್ನ ಮನಸ್ಸು ವಿಷ ಎಂದಿತು. ಆರ್ಗನೊಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕ ಮೈಗೆ ಸೇರಿದರೆ ಹೀಗೇ ಆಗುತ್ತದೆ: ದೇಹದ ನಲ್ಲಿಗಳೆಲ್ಲ ಒಮ್ಮೆಗೇ ತೆರೆದುಕೊಂಡು ಮುಚ್ಚುವುದನ್ನೇ ಮರೆಯುತ್ತವೆ, ಕೊನೆಗೆ ಶ್ವಾಸಕೋಶದಲ್ಲೂ ನೀರು ತುಂಬಿ ಉಸಿರು ನಿಲ್ಲುತ್ತದೆ. ಅದಕ್ಕೆ ಮದ್ದು ಅಟ್ರೋಪಿನ್. ರೇಬಿಸ್ ಆಗಿದ್ದರೆ ಯಾವ ಮದ್ದೂ ಇಲ್ಲ.

ಆದರೆ ಮನಸ್ಸು ಹೇಳಿದ್ದಷ್ಟೇ ಸಾಲದು. ವಿಷವಾದರೆ ಅದು ಎಲ್ಲಿಂದ ಬಂತು? ಹೊರಗಿದ್ದವರಿಗೆ ಅದನ್ನು ತೋರಿಸದೆ ಬಡಿಗೆಗಳು ಕೆಳಗಿಳಿಯುವಂತಿರಲಿಲ್ಲ. ಸುಜಾತಾಳನ್ನು ಕೇಳಿದೆ: ಇಲಿ ಪಾಷಾಣ, ತಿಗಣೆ ಔಷಧಿ, ಜಿರಳೆ ಪುಡಿ ಏನಾದರೂ ಮನೆಯಲ್ಲಿದೆಯೇ ಎಂದು. ಮಗು ಇರುವ ಮನೆಯಲ್ಲಿ ಅಂಥವನ್ನು ಇಡುವುದೇ ಇಲ್ಲ ಎಂದಳು. ನಾಯಿ ಗೇಟು ದಾಟಿತ್ತೇ? ದಾಟಿರಲಿಲ್ಲ. ಭೀಮವ್ವನನ್ನು ಕೇಳಿದೆ. ವಿಷದ ಹೆಸರೆತ್ತಿದ್ದಕ್ಕೇ ಆಕೆಗೆ ನೋವಾಯಿತು. ತನ್ನ ಕೈಯಾರೆ ಅನ್ನ ಹಾಲು ತಿನ್ನಿಸುತ್ತೇನೆ, ವಿಷ ಯಾರು ಹಾಕುತ್ತಾರೆ ಎಂದು ಕಣ್ಣೊರೆಸಿಕೊಂಡಳು. ಹೊರಗಿಂದ ಯಾರೋ, ಇನ್ನೂ ಏನು ವಿಚಾರಣೆ ಎಂದು ಗೊಣಗಿದರು.

ಆಗ ಕೋಳಿಗೂಡಿನ ಕಡೆ ಕಣ್ಣು ಹೋಯಿತು. ನಾಲ್ಕು ಕೋಳಿಗಳಲ್ಲಿ ಎರಡು ಮಣ್ಣು ಕೆದಕುತ್ತಿದ್ದವು. ಕೆಂಪಿ ರೆಕ್ಕೆ ಜೋಲು ಬಿಟ್ಟು ಗೋಡೆಗೊರಗಿತ್ತು, ಕೊಕ್ಕಿನಿಂದ ದಾರದಂತೆ ಲೋಳೆ ಇಳಿಯುತ್ತಿತ್ತು. ಚುಕ್ಕಿ ಅಡ್ಡ ಬಿದ್ದಿತ್ತು. ನಾಯಿಯ ಹುಚ್ಚು ಅದೇ ಹೊತ್ತಿಗೆ ಕೋಳಿಗೂ ಹಿಡಿಯುವುದಿಲ್ಲ. ಕೆಂಪಿಯನ್ನೆತ್ತಿ ರೆಕ್ಕೆ ಬಿಡಿಸಿ ಮೂಸಿದೆ. ಗದ್ದೆಯ ಬದುಗಳಲ್ಲಿ ಮೂಗಿಗೆ ರಾಚುವ, ಈ ಸೀಮೆಯಲ್ಲಿ ಬೆಳೆದ ಯಾರೂ ಮರೆಯದ ಘಾಟು ವಾಸನೆ. ಇವಕ್ಕೇನು ಮಾಡಿದ್ದೀರಿ ಎಂದು ಕೇಳಿದೆ.

ಭೀಮವ್ವ ಯಾವ ಅಳುಕೂ ಇಲ್ಲದೆ ಹೇಳಿದಳು: "ಎರಡಕ್ಕೂ ಬಾಳ ಹೇನ ಆಗಿದ್ದುವ್ರೀ. ಮುಂಜಾನಿ ಎಣ್ಣಿ ಹಚ್ಚೀನಿ. ಮೊಬೈಲನ್ಯಾಗ ಹಂಗ ಹೇಳ್ಯಾರ."

ಸುಜಾತಾ ಅತ್ತೆಯ ಪರ ನಿಂತಳು. ಅದು ತಾವಿಬ್ಬರೂ ಕೂಡಿ ನೋಡಿದ ವಿಡಿಯೋ, ಕೋಳಿಗೆ ಹೇನಾದರೆ ಎಣ್ಣೆ ಹಚ್ಚಿರಿ ಎಂದು ಅದರಲ್ಲಿ ಹೇಳಿದ್ದು ನಿಜ, ಎಣ್ಣೆಯಿಂದ ಏನು ತೊಂದರೆ ಎಂದಳು. ಟೀಚರಮ್ಮನ ತಲೆಯಲ್ಲಿ ಇದ್ದದ್ದು ಕೊಬ್ಬರಿ ಎಣ್ಣೆಯೋ ಬೇವಿನ ಎಣ್ಣೆಯೋ ಇರಬೇಕು. ಆದರೆ ನಾನು ಕಾಲುವೆ ಸೀಮೆಯಲ್ಲಿ ಕೆಲಸ ಮಾಡಿದವಳು. ಇಲ್ಲಿಯ ರೈತ ಗದ್ದೆಗೆ ಕೀಟನಾಶಕ ಸಿಂಪಡಿಸುವುದಿಲ್ಲ, 'ಎಣ್ಣಿ ಹೊಡೀತಾನ'. ಭತ್ತದ ಪೈರಿಗೆ ಹುಳ ಬಿದ್ದರೆ ಅಂಗಡಿಗೆ ಹೋಗಿ 'ನೆಲ್ಲಿಗೆ ಎಣ್ಣಿ ಕೊಡ್ರಿ' ಎನ್ನುತ್ತಾನೆ. ಯಾರೋ 'ಎಣ್ಣಿ ಕುಡಿದ' ಎಂದು ಸುದ್ದಿ ಬಂದರೆ ಜನ ಹೆಂಡದಂಗಡಿಗೆ ಓಡುವುದಿಲ್ಲ, ಆಂಬುಲೆನ್ಸಿಗೆ ಫೋನು ಮಾಡುತ್ತಾರೆ. ಭೀಮವ್ವನ ಕಡೆ ತಿರುಗಿದೆ.

"ಯಾವ ಎಣ್ಣಿ ಯವ್ವಾ? ಅಡಗಿ ಎಣ್ಣಿನೋ, ಹೊಲದ ಎಣ್ಣಿನೋ?"

"ಹೊಲದ್ದರೀ. ಅಡಗಿ ಎಣ್ಣಿಗೆ ಹೇನ ಸಾಯ್ತಾವೇನು?"

ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದೀತೆಂದು ದಢೇಸುಗೂರಿನಿಂದ ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಾಟಲಿ ಅದಂತೆ. ಒಂದು ಮುಚ್ಚಳದಷ್ಟನ್ನು ತುಸು ನೀರಿಗೆ ಬೆರೆಸಿ, ಅದರಲ್ಲಿ ಅರಿವೆ ಅದ್ದಿ, ಎರಡೂ ಕೋಳಿಗಳ ರೆಕ್ಕೆ ಸಂದಿಗೆ ಜೋಪಾನವಾಗಿ ಸವರಿದ್ದಳು. ಆಮೇಲೆ ಪುಟಾಣಿ ಬಂದು ತನ್ನ ನಿತ್ಯದ ಕೆಲಸ ಮಾಡಿತ್ತು, ಎರಡನ್ನೂ ನೆಕ್ಕಿ ಒಪ್ಪ ಮಾಡಿತ್ತು. ಕೇಳಿದಾಗ ಭೀಮವ್ವ ಏನನ್ನೂ ಬಚ್ಚಿಡಲಿಲ್ಲ. ನಾನು ಕೇಳಿದ್ದು ವಿಷವನ್ನು, ಔಷಧಿಯನ್ನು. ಆಕೆಯ ಬಳಿ ಇದ್ದದ್ದು ಎಣ್ಣೆ.

ಇನ್ನು ತಡ ಮಾಡುವಂತಿರಲಿಲ್ಲ. ಬ್ಯಾಗಿನಲ್ಲಿದ್ದ ಅಟ್ರೋಪಿನ್ ಆಂಪೂಲುಗಳನ್ನು ಒಡೆದು ಪುಟಾಣಿಗೆ ಕೊಟ್ಟೆ, ಕೆಂಪಿಗೂ ಲೆಕ್ಕ ಹಾಕಿ ಸ್ವಲ್ಪ ಕೊಟ್ಟೆ. ಚುಕ್ಕಿ ಅಷ್ಟರಲ್ಲಿ ಸತ್ತಿತ್ತು. ಭೀಮವ್ವನಿಗೆ ಮೊದಲು ಸಾಬೂನಿನಿಂದ ಕೈ ತಿಕ್ಕಿ ತೊಳೆದು ಸೀರೆ ಬದಲಿಸಲು ಹೇಳಿದೆ. ಸುಜಾತಾ ಗ್ಲೌಸ್ ಹಾಕಿಕೊಂಡು ಕೆಂಪಿಯನ್ನು ಸಾಬೂನು ನೀರಿನಲ್ಲಿ ತೊಳೆದಳು. ನಾಯಿಯ ಜೊಲ್ಲು ಇಳಿಮುಖವಾಯಿತು, ಪಾಪೆ ತುಸು ಅರಳಿತು. ಅಟ್ರೋಪಿನ್ನಿಗೆ ಹೀಗೆ ಬಗ್ಗಿತೆಂದರೆ ರೋಗ ಇಂಥದ್ದೇ ಎಂದು ರುಜು ಹಾಕಿ ಕೊಟ್ಟಂತೆ. ಗೇಟಿನ ಬಳಿ ಹೋಗಿ, ಇದು ಹುಚ್ಚಲ್ಲ, ಕೀಟನಾಶಕ ಎಂದು ಕೋಳಿಯನ್ನೂ ಬಾಟಲಿಯನ್ನೂ ತೋರಿಸಿದೆ. ಬಡಿಗೆ ಹಿಡಿದವರು ಅದನ್ನು ಊರುಗೋಲು ಎಂಬಂತೆ ಹಿಡಿದುಕೊಂಡು ಜಾಗ ಖಾಲಿ ಮಾಡಿದರು. ಪಂಪಣ್ಣ ಹೋಗಲಿಲ್ಲ. ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. ಮೊಮ್ಮಗಳಿಗೆ ಏನೂ ಆಗುವುದಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮಗು ಇವತ್ತು ನಾಯಿಯನ್ನಾಗಲಿ ಕೋಳಿಯನ್ನಾಗಲಿ ಮುಟ್ಟಿದೆಯೇ ಎಂದು ನಾನೂ ಎರಡು ಸಲ ಕೇಳಿದೆ. ಇನ್ನೂ ಎದ್ದೇ ಇರಲಿಲ್ಲವಂತೆ.

ಅಷ್ಟರಲ್ಲಿ ಹೊಸ ಚಿಂತೆ ಶುರುವಾಯಿತು. ಈ ಮದ್ದಿನ ಬಲ ಸ್ವಲ್ಪ ಹೊತ್ತಷ್ಟೇ. ವಿಷ ಇಳಿಯುವವರೆಗೆ ಮತ್ತೆ ಮತ್ತೆ ಕೊಡಬೇಕು. ಆ ವಾರ ಸಿಂಪಡಿಸಿದ ಹುಲ್ಲು ಮೇಯ್ದು ಬಂದ ಒಂದು ಎಮ್ಮೆ ನನ್ನ ದಾಸ್ತಾನನ್ನೆಲ್ಲ ನುಂಗಿತ್ತು. ಬ್ಯಾಗಿನಲ್ಲಿ ಉಳಿದದ್ದು ಒಂದು ಸಲಕ್ಕೆ ಸಾಕಾಗುವಷ್ಟು. ಮಸ್ಕಿಯ ಮೆಡಿಕಲ್ ಅಂಗಡಿಗಳಿಗೆ ಫೋನು ಮಾಡಿದರೆ ಎಲ್ಲಿಯೂ ಇಲ್ಲ. ಸಿಂಧನೂರಿನಲ್ಲಿದ್ದ ಗೌತಮನಿಗೆ ತಿಳಿಸಿದೆ. ಆತ ಅಂಗಡಿಯಿಂದ ಕೊಂಡು, ಹೊರಡುತ್ತಿದ್ದ ಬಸ್ಸಿನ ಡ್ರೈವರ್ ಕೈಗೆ ಪೊಟ್ಟಣ ಕೊಟ್ಟು, ಬಸ್ಸಿನ ನಂಬರ್ ಕಳಿಸಿದ. ನಮ್ಮ ಕಡೆ ಮಾವಿನಹಣ್ಣಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಎಲ್ಲ ಹೀಗೇ ಪ್ರಯಾಣ ಮಾಡುತ್ತವೆ. ಕೊರಿಯರಿನವರು ಇದಕ್ಕೆ ಸಾಟಿಯಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುವವರು ಬೇಕು. ಬಸ್ ನಿಲ್ಲುವುದೇ ಒಂದು ಗಳಿಗೆ. ತಪ್ಪಿದರೆ ಪೊಟ್ಟಣ ನೇರ ಲಿಂಗಸುಗೂರಿಗೆ ಹೋಗುತ್ತದೆ. ನಾನು ಸಿರಿಂಜ್ ಬಿಟ್ಟು ಏಳುವಂತಿಲ್ಲ, ಸುಜಾತಾಳ ಕೈ ಸಾಬೂನಿನಲ್ಲಿ. ಪಂಪಣ್ಣನವರ ಕಡೆ ತಿರುಗಿದೆ.

"ಸೂಜಿ ಹಾಕ್ರಿ ಅಂದ್ರೆಲ್ಲ ಪಂಪಣ್ಣಾರ, ಸೂಜಿ ಮದ್ದು ಸಿಂಧನೂರು ಬಸ್ಸಿನ್ಯಾಗ ಬರಾಕತ್ತೈತಿ. ನೀವ ಹೋಗಿ ತರ್ರಿ."

ಅವರು ಕೂಡಲೇ ತಮ್ಮ ಸ್ಕೂಟರ್ ಹತ್ತಿದರು. ಆಮೇಲೆ ತಿಳಿದದ್ದು, ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಬಸ್ ಹೊರಟುಬಿಟ್ಟಿತ್ತಂತೆ. ಎಂದೂ ಅವಸರ ಮಾಡದ ಆ ದೊಡ್ಡ ಹೊಟ್ಟೆಯ ಮನುಷ್ಯ ಲಿಂಗಸುಗೂರು ರಸ್ತೆಯಲ್ಲಿ ಹಾರ್ನ್ ಒತ್ತುತ್ತ ಬೆನ್ನಟ್ಟಿ, ಊರ ಹೊರಗೆ ಬಸ್ಸಿಗೆ ಅಡ್ಡ ಸ್ಕೂಟರ್ ನಿಲ್ಲಿಸಿ ಪೊಟ್ಟಣ ಇಸಿದುಕೊಂಡರಂತೆ. ಡ್ರೈವರ್ ಬೈದದ್ದನ್ನೂ ಅವರೇ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಬಂದಾಗ ಪುಟಾಣಿಯ ಉಸಿರು ಮತ್ತೆ ಗೊರಗೊರ ಎನ್ನತೊಡಗಿತ್ತು, ನನ್ನ ಬ್ಯಾಗು ಖಾಲಿಯಾಗಿತ್ತು. ಪೊಟ್ಟಣ ಹರಿದು ಮದ್ದು ಏರಿಸಿದೆ. ಕಾದೆ, ಮತ್ತೆ ಕೊಟ್ಟೆ. ಮಧ್ಯಾಹ್ನವಿಡೀ ಹಾಗೇ ನಡೆಯಿತು. ಭೀಮವ್ವ ತುತ್ತು ಅನ್ನ ಮುಟ್ಟಲಿಲ್ಲ. ಸಾಯಿಸಿದವಳು ತಾನೇ ಎಂಬ ಮಾತನ್ನೇ ಹಲುಬುತ್ತಿದ್ದಳು. ಸಂಜೆಯೊಳಗೆ ಗೌತಮ ಬಂದು, ಇನ್ನು ಮೇಲೆ ಕೋಳಿಯ ಗೊಡವೆಯೇ ಬೇಡ, ಉಳಿದವನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದ. ಅವನದು ಗಾಬರಿಯ ಮಾತು, ನನಗೆ ಗೊತ್ತು. ಆದರೆ ಅದನ್ನು ಕೇಳಿದ ಭೀಮವ್ವ ಗೋಡೆ ಕಡೆ ಮುಖ ಮಾಡಿ ಕೂತಳು. ಊರು ಬಿಟ್ಟು ಬಂದವಳಿಗೆ ಈ ಹಿತ್ತಲೊಂದೇ ತನ್ನದೆನ್ನುವ ಜಾಗವಾಗಿತ್ತು. ಈಗ ನಾಯಿಯ ಜೊತೆ ಅದೂ ಕೈಬಿಡುವುದರಲ್ಲಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಪುಟಾಣಿಯ ನಡುಕ ನಿಂತಿತು. ತಲೆ ಎತ್ತಿತು. ನಾಲ್ಕು ಕಾಲಿನ ಮೇಲೆ ಕುಡುಕರ ಹಾಗೆ ತೂರಾಡುತ್ತ ನಿಂತುಕೊಂಡಿತು. ಒಂದು ಬಟ್ಟಲು ನೀರು ಕುಡಿದು, ನಮ್ಮೆಲ್ಲರ ಕಾಲ ಸಂದಿಯಿಂದ ದಾರಿ ಮಾಡಿಕೊಂಡು ನಡೆದೇಬಿಟ್ಟಿತು, ಎಲ್ಲಿಗೆಂದರೆ ಬುಟ್ಟಿಯಲ್ಲಿ ಕೂತಿದ್ದ ಕೆಂಪಿಯ ಬಳಿಗೆ. ನೆಕ್ಕಲು ನಾಲಿಗೆ ಚಾಚಿದ್ದೇ ತಡ, ನಾವು ನಾಲ್ವರೂ ಒಟ್ಟಿಗೆ ಬಿದ್ದು ಹಿಡಿದೆವು. ಬೇಲಿಯಾಚೆ ಪಂಪಣ್ಣನವರ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾನು ಸಾವಿರಾರು ಹಸು ಎಮ್ಮೆಗಳನ್ನು ಉಳಿಸಿರಬಹುದು, ಆದರೆ ಆ ಸಂಜೆ ಆದಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ಹಳೆಯ ಸ್ಕೂಟರ್ ಕೂಡ ಒಂದೇ ಕಿಕ್ಕಿಗೆ ಚಾಲೂ ಆಯಿತು.

ಹೊರಡುವ ಮುಂಚೆ ಗೌತಮನಿಗೆ ಎರಡು ಮಾತು ಖಡಕ್ಕಾಗಿ ಹೇಳಿದೆ. ನಾಯಿಗೆ ನೆಕ್ಕುವ ಆಸೆ, ಕೋಳಿಗೆ ಹೇನಿನ ಕಾಟ, ಅವ್ವನಿಗೆ ಅವೆರಡರ ಮೇಲೂ ಜೀವ. ಇದರಲ್ಲಿ ಯಾರದೂ ತಪ್ಪಿಲ್ಲ. ಬಾಟಲಿ ಮನೆಯಿಂದ ಹೋಗಲಿ, ಕೋಳಿ ಇರಲಿ. ಅವ್ವನನ್ನು ಇವತ್ತೇ ಡಾಕ್ಟರ್ ಹತ್ತಿರ ತೋರಿಸು, ಕೆಂಪಿಯ ಮೊಟ್ಟೆಯನ್ನು ನಾನು ಹೇಳುವವರೆಗೆ ಯಾರೂ ತಿನ್ನಬೇಡಿ. ಗೂಡಿಗೆ ಸುಣ್ಣ ಬಳಿದು, ಮೂಲೆಯಲ್ಲಿ ಬೂದಿ ಮಣ್ಣಿನ ಗುಂಡಿ ಮಾಡಿಕೊಟ್ಟರೆ ಕೋಳಿಗಳೇ ಅದರಲ್ಲಿ ಹೊರಳಿ ಹೇನು ಕಡಿಮೆ ಮಾಡಿಕೊಳ್ಳುತ್ತವೆ. ಬೂದಿಯನ್ನು ಪಂಪಣ್ಣನವರ ಮನೆಯವರೇ ಬುಟ್ಟಿ ತುಂಬಿ ಕೊಟ್ಟರು. ದಾಸವಾಳದ ತಕರಾರು ಮಾತ್ರ ಹಾಗೇ ಮುಂದುವರಿಯಿತು. ಅದು ನನ್ನ ಇಲಾಖೆಗೆ ಬರುವುದಿಲ್ಲ.

ನೌಕರಿ ನನಗೆ ಕಲಿಸಿದ್ದರಲ್ಲಿ ದೊಡ್ಡದು ಇದು: ಮಾತು ಬಾರದ ರೋಗಿಯ ಬಳಿಗೆ ಹೋದಾಗ ಮನೆಯವರ ಮಾತನ್ನೇ ನಾಡಿಯಂತೆ ಹಿಡಿದು ನೋಡಬೇಕು. ಅವರು ಸುಳ್ಳು ಹೇಳುವುದಿಲ್ಲ, ನಮ್ಮ ಮಾತು ಬೇರೆ, ಅವರ ಮಾತು ಬೇರೆ, ಅಷ್ಟೇ. ಈ ಪಾಠವನ್ನು ನಾನು ನಾಲ್ಕು ಜನಕ್ಕೆ ಹೇಳಬೇಕೆಂದುಕೊಂಡಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಹೇಳಿದವಳು ಭೀಮವ್ವ.

ಮಳೆಗಾಲಕ್ಕೆ ಮುಂಚೆ ದಢೇಸುಗೂರಿನ ಊರಕಟ್ಟೆಯಲ್ಲಿ ಜಾನುವಾರು ಆರೋಗ್ಯ ಶಿಬಿರ ನಡೆಯಿತು. ಸಿಂಧನೂರಿನ ಸಹೋದ್ಯೋಗಿಗಳು ನನ್ನನ್ನೂ ಕರೆದಿದ್ದರು. ನಾನು ಭೀಮವ್ವನನ್ನು ಜೊತೆಗೆ ಕರೆದೊಯ್ದೆ. ಅವಳ ಊರು, ಅವಳ ಜೊತೆ ಬದುಕಿದ ಹೆಂಗಸರು. ಮಾತಾಡು ಎಂದರೆ ಒಲ್ಲೆ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಕೂತಿದ್ದಳು. ನಾನು ಆರ್ಗನೊಫಾಸ್ಫೇಟ್ ಎಂದೆಲ್ಲ ಉಪನ್ಯಾಸ ಬಿಗಿದೆ. ಜನ ಸೌಜನ್ಯಕ್ಕೆ ತಲೆಯಾಡಿಸಿದರು. ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದು, ಎಣ್ಣಿ ಹೊಡೆದ ಬದುವಿನ ಹುಲ್ಲನ್ನು ಎಮ್ಮೆಗೆ ಎಷ್ಟು ದಿನ ಬಿಟ್ಟು ಹಾಕಬೇಕು ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಭೀಮವ್ವ ಎದ್ದು ನಿಂತಳು. ದನಿ ಮೊದಲು ನಡುಗಿತು, ಆಮೇಲೆ ಇಡೀ ಕಟ್ಟೆಗೆ ಕೇಳಿಸಿತು.

"ಎಣ್ಣಿ ಅನ್ನಬ್ಯಾಡ ಯವ್ವಾ. ವಿಷ ಹೊಡದ ಹುಲ್ಲು ಅಂತ ಅನ್ನು. ಒಮ್ಮೆ ಹಂಗ ಬಾಯಿಬಿಟ್ಟು ಅಂದು ನೋಡು, ಆಮ್ಯಾಲ ಎಮ್ಮಿ ಮುಂದ ಹಾಕಾಕ ನಿನ್ನ ಕೈನ ಏಳಂಗಿಲ್ಲ."